ಗೈಡಿನಲ್ಲಿಲ್ಲದ ಗುಡ್ಡ

ಆ ಗೈಡ್ ಪುಸ್ತಕವನ್ನು ನಾನು ಮನೆಗೆ ತಂದದ್ದು ನಮ್ಮತ್ತೆಗೆ ಖುಷಿಯಾಗಲಿ ಎಂದು. ಮಾವ ತೀರಿಕೊಂಡು ಎರಡು ವರ್ಷವಾಗಿತ್ತು. ಅತ್ತೆ ತಾವಿದ್ದ ಮನೆಯನ್ನು ಮಾರಿ ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನ ನಮ್ಮ ಮನೆಗೆ ಬಂದಿದ್ದರು. ಕೆಳಗಿನ ಕೋಣೆ ಅವರದು. ಬೆಳಿಗ್ಗೆ ಎದ್ದು ಪೂಜೆ, ಮಾವನ ಫೋಟೋಕ್ಕೆ ವಿಭೂತಿ, ಆಮೇಲೆ ಕಿಟಕಿಯ ಪಕ್ಕದ ಕುರ್ಚಿ. ಮಾತು ಕಡಿಮೆಯಾಗಿತ್ತು. ಒಂದು ಶನಿವಾರ ನಮ್ಮ ಲೈಬ್ರರಿಯವರು ಹಳೆಯ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿ ಯಾರು ಬೇಕಾದರೂ ಒಯ್ಯಿರಿ ಎಂದು ಬೋರ್ಡು ಹಾಕಿದ್ದರು. ಅದರಲ್ಲಿ ಇದು ಕಣ್ಣಿಗೆ ಬಿತ್ತು. ಇಂಗ್ಲೆಂಡಿನ ಒಂದು ಹಳೆಯ ಊರಿಗೆ ಬರುವ ಪ್ರವಾಸಿಗರಿಗಾಗಿ ಬರೆದ ಪುಟ್ಟ ಕೈಪಿಡಿ.

ಆ ಊರಿನಲ್ಲಿ ಅತ್ತೆ ಮತ್ತು ಮಾವ ಮದುವೆಯಾದ ಹೊಸದರಲ್ಲಿ ಮೂರು ವರ್ಷ ಇದ್ದರು. ಮಾವ ಧಾರವಾಡದ ಕಡೆಯವರು, ಡಾಕ್ಟರು. ಅಮೆರಿಕಕ್ಕೆ ಬರುವ ಮೊದಲು ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. ನೆಲದೊಳಗಿನಿಂದ ಬಿಸಿನೀರು ಉಕ್ಕಿ ಬರುವ ಊರು ಅದು. ಕೀಲುನೋವಿನವರು, ಚರ್ಮದ ಕಾಯಿಲೆಯವರು ನೂರಾರು ವರ್ಷಗಳಿಂದ ಆ ನೀರಿನಲ್ಲಿ ಮೀಯಲು, ಆ ನೀರನ್ನು ಕುಡಿಯಲು ಬರುತ್ತಿದ್ದರಂತೆ. ಅತ್ತೆ ಆ ಊರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. "ಬುಗ್ಗಿ ಊರು" ಅನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ.

ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟೆ. "ಅತ್ತೆ, ನೋಡಿ, ನಿಮ್ಮ ಬುಗ್ಗಿ ಊರು. ಫೋಟೋ ಎಲ್ಲಾ ಇದೆ."

ಅವರು ಮುಖಪುಟ ನೋಡಿದರು. ಕಮಾನುಗಳ ನಡುವೆ ಹಸಿರು ನೀರಿನ ಕೊಳ, ಅದರ ಮೇಲೆ ಏಳುತ್ತಿರುವ ಹಬೆ. ಮುಟ್ಟಿ ನೋಡಲೂ ಇಲ್ಲ. ಪುಸ್ತಕವನ್ನು ಬೋರಲು ಹಾಕಿ ಪಕ್ಕದ ಸ್ಟೂಲಿನ ಮೇಲೆ ಸರಿಸಿದರು.

"ಇದನ್ನ ಯಾಕ ತಂದಿ?" ಅಂದರು. "ಒಳಗ ಇಟ್ಟುಬಿಡು."

ನನಗೆ ಬೇಜಾರಾಯಿತು. ಇಪ್ಪತ್ತೈದು ವರ್ಷ ಅವರ ಸೊಸೆಯಾಗಿದ್ದವಳು ನಾನು. ಮೈಸೂರಿನಿಂದ ಬಂದವಳು ಅವರ ರೊಟ್ಟಿ, ಅವರ ಎಣ್ಣೆಗಾಯಿ, ಅವರ ಮಾತಿನ ಧಾಟಿ ಎಲ್ಲವನ್ನೂ ಕಲಿತಿದ್ದೆ. ಆದರೂ ಆ ಮೂರು ವರ್ಷಗಳ ಬಗ್ಗೆ ಅವರು ನನಗೆ ಹೇಳಿದ್ದು ಎರಡೇ ಸಂಗತಿ. ಚಳಿ ಬಹಳ ಇತ್ತು. ಮತ್ತು ನೀರು ಕಬ್ಬಿಣದ ಬೋಗುಣಿ ನೆಕ್ಕಿದ ಹಾಗೆ ಇತ್ತು.

ಪುಸ್ತಕವನ್ನು ನಾನು ಒಳಗಿಡಲಿಲ್ಲ, ಮರೆತೆ. ಒಂದು ವಾರದ ನಂತರ ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಪಾಳಿ ಮುಗಿಸಿ ಮಧ್ಯಾಹ್ನ ಬೇಗ ಮನೆಗೆ ಬಂದೆ. ಅತ್ತೆ ಊಟದ ಮೇಜಿನ ಮುಂದೆ ಕೂತಿದ್ದರು. ಗೈಡಿನ ಹಿಂದೆ ಮಡಚಿಟ್ಟಿದ್ದ ನಕ್ಷೆಯನ್ನು ಬಿಡಿಸಿ ಹಾಸಿಕೊಂಡು, ಔಷಧಿ ಚೀಟಿ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿ ಹಿಡಿದು ಬಗ್ಗಿದ್ದರು. ನಾನು ಬಂದದ್ದು ಕೇಳಿಸಿರಲಿಲ್ಲ. ಬೆರಳು ನದಿಯ ಗುಂಟ ಹೋಗಿ, ಸೇತುವೆ ದಾಟಿ, ಕಾಗದದ ಅಂಚಿಗೆ ಬಂದು ನಿಂತಿತು. ಮತ್ತೆ ಮೊದಲಿನಿಂದ.

"ಏನು ಹುಡುಕ್ತಿದ್ದೀರಾ ಅತ್ತೆ?"

ಬೆಚ್ಚಿದರು. ಆಮೇಲೆ ಮಡಚಲು ಹೋಗಿ ಬಿಟ್ಟರು. "ಇದ್ರಾಗ ಗುಡ್ಡದ ರಸ್ತೆ ಇಲ್ಲ. ಹೊಳಿ ದಾಟಿದ ಮ್ಯಾಲೆ ಎಡಕ್ಕ ಏರ್ತೈತಿ. ಇವರು ಅಲ್ಲಿಗೇ ನಿಂತುಬಿಟ್ಟಾರ."

"ಪ್ರವಾಸಿಗರಿಗೆ ಅಷ್ಟೇ ಸಾಕು ಅಂತ ಇರಬೇಕು. ಗುಡ್ಡದ ಮೇಲೆ ಏನಿತ್ತು?"

"ದವಾಖಾನಿ," ಅಂದರು. ಎದ್ದು ಒಲೆಯ ಹತ್ತಿರ ಹೋಗಿ ಚಹಾಕ್ಕೆ ನೀರಿಟ್ಟರು.

ಅವತ್ತಿನಿಂದ ಗೈಡು ಅವರ ಕೋಣೆಗೆ ಹೋಯಿತು. ಊಟದ ಹೊತ್ತಿನಲ್ಲಿ ಅದರಿಂದ ಒಂದೊಂದೇ ತುಣುಕು ಹೊರಬರತೊಡಗಿತು. ಪುಸ್ತಕದವರು ಊರು ನೋಡಲು ಎರಡು ದಿನ ಸಾಕು ಎನ್ನುತ್ತಾರೆ. ಮೊದಲು ಬುಗ್ಗೆಗೆ ಹೋಗಿ, ಆಮೇಲೆ ನೀರು ಕುಡಿಯುವ ದೊಡ್ಡ ಹಜಾರಕ್ಕೆ, ಆಮೇಲೆ ಅರ್ಧಚಂದ್ರದ ಹಾಗೆ ಬಾಗಿದ ಮನೆಗಳ ಸಾಲಿಗೆ. ಅತ್ತೆ ಅದಕ್ಕೆ ತಮ್ಮದನ್ನು ಸೇರಿಸುತ್ತಿದ್ದರು. ಆ ಸಾಲುಮನೆಗಳ ಮುಂದೆ ಅವರಿಬ್ಬರೂ ಭಾನುವಾರ ನಡೆಯುತ್ತಿದ್ದರು, ಒಳಗೆ ಎಂದೂ ಹೋಗಿರಲಿಲ್ಲ. ಹಜಾರದ ಪಕ್ಕದಲ್ಲಿ ಒಂದು ಔಷಧಿ ಅಂಗಡಿ ಇತ್ತು. ಅಡುಗೆಗೆ ಜೀರಿಗೆ, ಅರಿಶಿನ ಎಲ್ಲೂ ಸಿಗದಿದ್ದಾಗ ಆ ಅಂಗಡಿಯವನು ಗಾಜಿನ ಭರಣಿಯಿಂದ ತೂಗಿ ಕೊಡುತ್ತಿದ್ದ. ಕೆಳಗಿನ ಮನೆಯ ಮುದುಕಿ ಇವರ ಒಗ್ಗರಣೆಯ ವಾಸನೆಗೆ ಮೊದಲು ಬಾಗಿಲು ಬಡಿದು ಜಗಳವಾಡಿದಳು, ಆಮೇಲೆ ತಟ್ಟೆ ಹಿಡಿದು ಬರತೊಡಗಿದಳು. ನಾನು ನಗುತ್ತಿದ್ದೆ. ನನ್ನ ಗಂಡ ಫೋನ್ ನೋಡುತ್ತಲೇ ಅರ್ಧ ಕೇಳುತ್ತಿದ್ದರು. ಅವರು ಹುಟ್ಟಿದ್ದು ಇಲ್ಲೇ ನ್ಯೂಜೆರ್ಸಿಯಲ್ಲಿ, ಒಬ್ಬನೇ ಮಗ. ಇಂಗ್ಲೆಂಡು ಅವರ ಪಾಲಿಗೆ ಅಪ್ಪ ಅಮ್ಮನ ಕಪ್ಪುಬಿಳುಪು ಫೋಟೋಗಳ ಊರು ಅಷ್ಟೆ.

ಉಳಿದದ್ದನ್ನು ಅತ್ತೆ ಹೇಳಿದ್ದು ಕಾರಿನಲ್ಲಿ. ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ರೂಟ್ ಒನ್ ಹೆದ್ದಾರಿಯಲ್ಲಿ ಮುಂದೆ ಎಲ್ಲೋ ಅಪಘಾತವಾಗಿ ಕಾರುಗಳು ನಿಂತುಬಿಟ್ಟಿದ್ದವು. ಇಬ್ಬರೂ ಮುಂದೆ ನೋಡುತ್ತಾ ಕೂತಿದ್ದೆವು. ಏನಾದರೂ ಮಾತಾಡಬೇಕಲ್ಲ ಎಂದು ನಾನೇ ಕೇಳಿದೆ.

"ಅತ್ತೆ, ಆ ಗುಡ್ಡದ ಆಸ್ಪತ್ರೆಯಲ್ಲೇ ಮಾವ ಕೆಲಸ ಮಾಡ್ತಿದ್ದದ್ದಾ?"

"ಇಲ್ಲವಾ. ಅವರದು ಕೆಳಗ ಊರಾಗ. ಗುಡ್ಡದ ಮ್ಯಾಲೆ ಇದ್ದದ್ದು ಹೆರಿಗಿ ದವಾಖಾನಿ."

ನಾನು ರೇಡಿಯೋ ಆರಿಸಿದೆ.

"ನನಗ ಆಗ ಇಪ್ಪತ್ತೆರಡು," ಅಂದರು. "ಎಂಟು ತಿಂಗಳಾಗಿತ್ತು. ಎರಡು ದಿನದಿಂದ ಒಳಗ ಮಿಸುಕಾಡಿದ್ದಿಲ್ಲ. ಇವರಿಗೆ ಹೇಳಿದೆ. ಇವರ ಮಾರಿ ನೋಡೇ ಗೊತ್ತಾತು ನನಗ."

ಕೂಸು ಸತ್ತೇ ಹುಟ್ಟಿತು. ನರ್ಸು ಒಂದು ಟವೆಲಿನಲ್ಲಿ ಸುತ್ತಿಕೊಂಡು ಅತ್ತೆಯ ತಲೆಯ ಹಿಂದಿನಿಂದ ಹಾದು ಬಾಗಿಲು ದಾಟಿ ಹೋದಳು. ಅತ್ತೆ ಕತ್ತು ತಿರುಗಿಸಲು ಹೋದರೆ ಇನ್ನೊಬ್ಬಳು ಕೆನ್ನೆಗೆ ಕೈಯಿಟ್ಟು ತಡೆದಳು. ನೋಡಬೇಡ, ನಿನಗಿನ್ನೂ ಚಿಕ್ಕ ವಯಸ್ಸು, ಮುಂದಿನ ವರ್ಷ ಇನ್ನೊಂದಾಗುತ್ತದೆ, ಮನೆಗೆ ಹೋಗಿ ಎಲ್ಲಾ ಮರೆತುಬಿಡು. ಆ ಕಾಲದಲ್ಲಿ ಆ ದೇಶದಲ್ಲೆಲ್ಲಾ ಹಾಗೆಯೇ ಮಾಡುತ್ತಿದ್ದರಂತೆ. ತಾಯಿಗೆ ತೋರಿಸದಿದ್ದರೆ ದುಃಖ ಬೇಗ ಆರುತ್ತದೆ ಎಂಬ ನಂಬಿಕೆ. ಮಾವ ಒಂದು ಕಾಗದಕ್ಕೆ ಸಹಿ ಹಾಕಿದರು. ಆಸ್ಪತ್ರೆಯವರೇ ಎಲ್ಲಾ ನೋಡಿಕೊಳ್ಳುತ್ತಾರೆ ಎಂದರು.

"ಗಂಡೋ ಹೆಣ್ಣೋ, ಅದೂ ಗೊತ್ತಿಲ್ಲ ನನಗ," ಅಂದರು ಅತ್ತೆ. "ವಿಭೂತಿ ಹಚ್ಚಲಿಲ್ಲ. ಲಿಂಗಾ ಕಟ್ಟಲಿಲ್ಲ. ಒಂದು ಹಿಡಿ ಮಣ್ಣು ಹಾಕಲಿಲ್ಲ. ಎಲ್ಲಿ ಇಟ್ರು, ಏನ್ ಮಾಡಿದ್ರು..."

"ಮಾವನ್ನ ಕೇಳಲಿಲ್ವಾ?"

"ಹೆಂಗ ಕೇಳಲಿ? ಕೇಳಿದ್ರ ಅವರು ಅಳತಿದ್ರು. ಅವರು ಅತ್ರ ನಾ ಹೆಂಗ ತಡಕೊಳ್ಳಲಿ? ಹಂಗ ಬಿಟ್ಟೆ. ಅವರೂ ಹೇಳಲಿಲ್ಲ. ಮುಂದ ಇಲ್ಲಿಗೆ ಬಂದ್ವಿ, ಇವ ಹುಟ್ಟಿದ. ಆತು."

ಮುಂದಿನ ಕಾರು ಚಲಿಸಿತು. ಹಿಂದಿನವನು ಹಾರ್ನ್ ಮಾಡಿದ. ನನ್ನ ಕಣ್ಣು ಮಂಜಾಗಿ ಪೆಡಲು ಎಲ್ಲಿದೆ ಎಂದೇ ತಿಳಿಯಲಿಲ್ಲ. ಅತ್ತೆ ಮಾತ್ರ ಅಳಲಿಲ್ಲ. "ಅವಂಗ ಹೇಳಬ್ಯಾಡ," ಅಂದರು, ಮಗನ ಬಗ್ಗೆ. ಕಣ್ಣಿನ ಡಾಕ್ಟರ ಕೋಣೆಯಲ್ಲಿ ಗೋಡೆಯ ಮೇಲಿನ ಅಕ್ಷರಗಳನ್ನು ಸ್ಪಷ್ಟವಾಗಿ, ಒಂದೊಂದಾಗಿ ಓದಿದರು.

ನಾನು ಅಲ್ಲಿಗೇ ಬಿಡಬಹುದಿತ್ತು. ಬಿಡಲಾಗಲಿಲ್ಲ. ದಿನವಿಡೀ ಲ್ಯಾಬಿನಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುವವಳು ನಾನು. ಯಾರದು, ಯಾವ ಹೊತ್ತಿನದು, ಎಲ್ಲಿಂದ ಬಂತು ಎಂದು ಗುರುತಿಲ್ಲದೆ ಒಂದು ಹನಿ ರಕ್ತವೂ ನಮ್ಮ ಕೈ ದಾಟುವುದಿಲ್ಲ. ಒಂದು ಕೂಸು ಹಾಗೆ ಗುರುತಿಲ್ಲದೆ ಹೋಗಿರಲು ಸಾಧ್ಯವೇ ಎಂದು ನನಗೆ ಅನ್ನಿಸುತ್ತಲೇ ಇತ್ತು. ಇಂಟರ್ನೆಟ್ಟಿನಲ್ಲಿ ನೋಡಿದೆ. ಅತ್ತೆಯಂಥ ಎಷ್ಟೋ ಮುದುಕಿಯರು ಅಲ್ಲಿ ತಮ್ಮ ಕೂಸುಗಳನ್ನು ಹುಡುಕುತ್ತಿದ್ದರು, ಕೆಲವರಿಗೆ ಸಿಕ್ಕಿತ್ತು. ಆ ಊರಿನ ನಗರಸಭೆಯಲ್ಲಿ ಸ್ಮಶಾನಗಳ ದಾಖಲೆ ಇಡುವ ಕಚೇರಿಗೆ ಒಂದು ಇಮೇಲ್ ಬರೆದೆ. ಮೂರು ದಿನಕ್ಕೆ ಉತ್ತರ ಬಂತು. ಹುಡುಕಬಹುದು, ಆದರೆ ತಾಯಿ ಬದುಕಿದ್ದರೆ ತಾಯಿಯ ಒಪ್ಪಿಗೆ ಬೇಕು, ಸಹಿ ಬೇಕು.

ಆ ಕಾಗದವನ್ನು ಪ್ರಿಂಟ್ ಮಾಡಿಕೊಂಡು ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತೆ. "ಅತ್ತೆ, ನಾನು ನಿಮ್ಮನ್ನ ಕೇಳದೆ ಒಂದು ಕೆಲಸ ಮಾಡಿದ್ದೀನಿ."

ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಇಮೇಲಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಇದೇನು ಬರದಾರ?" ಎಂದು ಕೇಳಿದರು. ಇಂಗ್ಲಿಷ್ ಅವರಿಗೆ ಚೆನ್ನಾಗಿಯೇ ಬರುತ್ತಿತ್ತು. ನನ್ನ ಬಾಯಿಂದ ಕೇಳಬೇಕಿತ್ತು ಅಷ್ಟೆ. ನಿಮ್ಮ ಮಗುವನ್ನು ಕಳೆದುಕೊಂಡದ್ದಕ್ಕೆ ನಮಗೆ ದುಃಖವಾಗಿದೆ, ದಯವಿಟ್ಟು ನಿಮ್ಮ ಅತ್ತೆಗೆ ತಿಳಿಸಿ. ಕನ್ನಡದಲ್ಲಿ ಹೇಳಿದೆ.

"ಇದನ್ನ ಯಾರೂ ಅಂದಿದ್ದಿಲ್ಲ ನನಗ," ಅಂದರು ಅತ್ತೆ. "ಆಗ ಯಾರೂ ಅನ್ನಲಿಲ್ಲ." ಅವತ್ತು ಮೊದಲ ಸಲ ನನ್ನ ಮುಂದೆ ಅತ್ತರು. ಸಹಿ ಹಾಕುವುದಕ್ಕೆ ಅರ್ಧ ಗಂಟೆ ಬೇಕಾಯಿತು.

ಗಂಡನಿಗೆ ಹೇಳಲೇಬೇಕಾಯಿತು. ನೀನೇ ಹೇಳು, ನನ್ನ ಕಡೆಯಿಂದ ಆಗುವುದಿಲ್ಲ ಅಂದರು ಅತ್ತೆ. ಭಾನುವಾರ ಬೆಳಿಗ್ಗೆ ಗರಾಜಿನಲ್ಲಿ ಹೇಳಿದೆ. ಅವರು ಎಲೆ ಗುಡಿಸುವ ಕುಂಟೆಯನ್ನು ಕೈಯಲ್ಲಿ ಹಿಡಿದೇ ಕೇಳಿದರು.

"ಯಾಕ ಈಗ ಇದೆಲ್ಲಾ ಡಿಗ್ ಮಾಡಾಕತ್ತಿ ನೀನು?" ಅಂದರು ಕೊನೆಗೆ. "ಆಕಿ ಹಾರ್ಟ್ ಪೇಷಂಟ್. ಫಿಫ್ಟಿ ಇಯರ್ಸ್ ಆತು. ಲೆಟ್ ಹರ್ ಬಿ."

"ಐವತ್ತು ವರ್ಷದಿಂದ ಅವರು ಅದನ್ನ ಬಿಟ್ಟಿಲ್ಲ. ನಿಮಗೆ ಗೊತ್ತಿರಲಿಲ್ಲ ಅಷ್ಟೆ."

"ಏನಾದ್ರೂ ಆದ್ರ ನೀನೇ ಕಾರಣ."

ಹೊರಗೆ ಹೋಗಿ ಇಡೀ ಹಿತ್ತಲಿನ ಎಲೆ ಗುಡಿಸಿದರು. ಗುಡಿಸಿ ರಾಶಿ ಮಾಡಿದ್ದನ್ನು ಗಾಳಿ ಮತ್ತೆ ಹರಡುತ್ತಿತ್ತು, ಅವರು ಮತ್ತೆ ಗುಡಿಸುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ಅತ್ತೆಯೂ ನೋಡುತ್ತಿದ್ದರು.

ಜನವರಿಯಲ್ಲಿ ಕಚೇರಿಯಿಂದ ದೊಡ್ಡ ಉತ್ತರ ಬಂತು. ಕೂಸು ಸಿಕ್ಕಿತ್ತು. ಆಸ್ಪತ್ರೆಯ ಆಚೆ, ಅದೇ ಗುಡ್ಡದ ಮೇಲೆ, ಊರಿನ ಹಳೆಯ ಸ್ಮಶಾನದಲ್ಲಿ. ಬೇರೆ ಕೆಲವು ಕೂಸುಗಳ ಜೊತೆ ಒಂದೇ ಗುಂಡಿಯಲ್ಲಿ. ದಾಖಲೆಯಲ್ಲಿ ಹೆಸರಿನ ಜಾಗ ಖಾಲಿ, ತಾಯಿಯ ಹೆಸರು ಮಾತ್ರ ಇತ್ತು. ಮತ್ತೆ ಒಂದು ಪದ: ಹೆಣ್ಣು.

ನಾನು ಅದನ್ನು ಓದಿದಾಗ ಅತ್ತೆ ಎರಡೂ ಕೈಯಿಂದ ಸೆರಗು ಹಿಡಿದುಕೊಂಡರು. "ಹೆಣ್ಣು," ಅಂದರು. "ಹೆಣ್ಣಮಗಳು." ಅಷ್ಟರಲ್ಲೇ ನಿಲ್ಲಬಹುದಿತ್ತು. ಆದರೆ ಇಮೇಲಿನ ಕೆಳಗೆ ಇನ್ನೊಂದು ಕಾಗದದ ಪ್ರತಿ ಲಗತ್ತಾಗಿತ್ತು. ಇದೂ ಅದೇ ಕಡತದಲ್ಲಿ ಇತ್ತು, ನಿಮ್ಮ ಕುಟುಂಬಕ್ಕೆ ಬೇಕಾಗಬಹುದು ಎಂದು ಆ ಕಚೇರಿಯ ಹೆಂಗಸು ಬರೆದಿದ್ದಳು. ನಾನು ಅದನ್ನು ಮೊದಲು ಒಬ್ಬಳೇ ನೋಡಬೇಕಿತ್ತು. ಏನೆಂದು ತಿಳಿಯದೆ ಅತ್ತೆಯ ಮುಂದೆಯೇ ತೆರೆದುಬಿಟ್ಟೆ.

ನೀಲಿ ಶಾಯಿ. ಮಾವನ ಕೈಬರಹ. ನ್ಯೂಜೆರ್ಸಿಯಿಂದ, ನನ್ನ ಗಂಡ ಹುಟ್ಟಿದ ವರ್ಷ ಬರೆದ ಪತ್ರ. ನಮಗೆ ಈಗ ಒಬ್ಬ ಮಗ ಹುಟ್ಟಿದ್ದಾನೆ ಎಂದು ಮೊದಲ ಸಾಲು. ನಮ್ಮ ಮಗಳನ್ನು ಮಣ್ಣು ಮಾಡಿದ ದಿನ ಬೆಳಿಗ್ಗೆ ಆ ಗುಂಡಿಯ ಹತ್ತಿರ ಕುಟುಂಬದ ಕಡೆಯಿಂದ ನಾನೊಬ್ಬನೇ ನಿಂತಿದ್ದೆ. ಜಾಗ ನನಗೆ ನೆನಪಿದೆ. ಗುರುತಿಗೆ ಅಲ್ಲೊಂದು ಗಿಡ ನೆಡಲು ಅವಕಾಶವಿದೆಯೇ? ನನ್ನ ಹೆಂಡತಿಗೆ ಇದು ಯಾವುದೂ ತಿಳಿಯದು, ಆದ್ದರಿಂದ ಉತ್ತರವನ್ನು ನನ್ನ ಆಸ್ಪತ್ರೆಯ ವಿಳಾಸಕ್ಕೆ ಕಳಿಸಿ. ಪತ್ರಕ್ಕೆ ಪಿನ್ ಮಾಡಿದ್ದ ಉತ್ತರದ ನಕಲೂ ಇತ್ತು. ಹಂಚಿಕೊಂಡ ಗುಂಡಿಗಳ ಮೇಲೆ ಗಿಡವಾಗಲಿ ಕಲ್ಲಾಗಲಿ ಇಡುವಂತಿಲ್ಲ, ಕ್ಷಮಿಸಿ.

ಅತ್ತೆ ಬಹಳ ಹೊತ್ತು ಆ ಅಕ್ಷರಗಳನ್ನು ನೋಡಿದರು.

"ಅವರು ಹೋಗಿದ್ರಾ?" ಅಂದರು.

"ಹೋಗಿದ್ರು ಅಂತ ಬರೆದಿದ್ದಾರೆ ಅತ್ತೆ."

"ಒಂದಿನ ಸಂಜಿಗೆ ದವಾಖಾನಿಗೆ ನನ್ನ ನೋಡಾಕ ಬಂದಾಗ ಬೂಟೆಲ್ಲಾ ಕೆಸರಾಗಿತ್ತು. ಮಳ್ಯಾಗ ಎಲ್ಲಿ ತಿರಗ್ಯಾಡಿ ಬಂದ್ರಿ ಅಂತ ಬೈದೆ ನಾನು. ಏನೂ ಅನ್ನಲಿಲ್ಲ. ಬಾಗಲದಾಗ ಬೂಟು ಬಿಚ್ಚಿಟ್ಟು ಬಂದು ಕುಂತ್ರು." ಮಾವನ ಸಹಿಯ ಮೇಲೆ ಬೆರಳಾಡಿಸಿದರು. "ಮಗಳು ಅಂತ ಗೊತ್ತಿತ್ತು ಅವರಿಗೆ. ಎಲ್ಲಿ ಅದಾಳ ಅಂತ ಗೊತ್ತಿತ್ತು. ಐವತ್ತು ವರ್ಷ ಒಂದೇ ತಾಟಿನ್ಯಾಗ ಉಂಡಂಗ ಬದುಕಿದ್ವಿ."

ಮರುದಿನ ಬೆಳಿಗ್ಗೆ ಅವರು ಪೂಜೆ ಮಾಡಿದರು. ಮಾವನ ಫೋಟೋಕ್ಕೆ ವಿಭೂತಿ ಹಚ್ಚಲಿಲ್ಲ. ನಾನು ಗಮನಿಸಿದ್ದನ್ನು ಅವರೂ ಗಮನಿಸಿದರು.

ಮಗನ ಸಿಟ್ಟು ಆ ಪತ್ರದಿಂದ ಕರಗಿತು. ಅದು ಹೇಗೆ ಎಂದು ನನಗೆ ಪೂರ್ತಿ ಅರ್ಥವಾಗಿಲ್ಲ. ತಾನು ಹುಟ್ಟಿದ ಸುದ್ದಿಯನ್ನು ಅಪ್ಪ ಒಂದು ಸ್ಮಶಾನದ ಕಚೇರಿಗೆ ಬರೆದು ತಿಳಿಸಿದ್ದರು ಎಂಬುದನ್ನು ಅವರು ಎರಡು ಮೂರು ಸಲ ಹೇಳಿದರು. ಆಮೇಲೆ ಒಂದು ದಿನ ಆಫೀಸಿನಿಂದಲೇ ಫೋನ್ ಮಾಡಿ, "ಮೇ ತಿಂಗಳಿಗೆ ಟಿಕೆಟ್ ನೋಡ್ಲಾ?" ಎಂದು ಕೇಳಿದರು. ಹೃದಯದ ಡಾಕ್ಟರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಅತ್ತೆಯನ್ನು ಕೇಳಿದರೆ, "ಕರಕೊಂಡು ಹೋಗ್ರಿ," ಎಂದರು, ಅಷ್ಟೇ.

ನ್ಯೂವಾರ್ಕಿನಿಂದ ವಿಮಾನದಲ್ಲಿ ಲಂಡನ್ನಿಗೆ, ಅಲ್ಲಿಂದ ರೈಲಿನಲ್ಲಿ ಬುಗ್ಗಿ ಊರಿಗೆ. ಗಾಲಿಕುರ್ಚಿ ಜೊತೆಗಿತ್ತು. ಅತ್ತೆ ದಾರಿಯುದ್ದಕ್ಕೂ ನಿದ್ದೆ ಮಾಡಲಿಲ್ಲ. ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಲಿತ್ತು. ಗೈಡಿನಲ್ಲಿ ಇದ್ದಂತೆಯೇ ಊರು: ಬೆಣ್ಣೆ ಬಣ್ಣದ ಕಲ್ಲಿನ ಮನೆಗಳು, ಹೂವಿನ ಕುಂಡಗಳು, ಗುಂಪುಗುಂಪು ಪ್ರವಾಸಿಗರು. ನಾವೂ ಅವರ ಹಾಗೆಯೇ ಕಾಣುತ್ತಿದ್ದೆವು. ನಮ್ಮ ಪಕ್ಕದಲ್ಲಿ ಒಂದು ಪಂಜಾಬಿ ಕುಟುಂಬ ಸೆಲ್ಫಿ ತೆಗೆದುಕೊಳ್ಳುತ್ತಿತ್ತು; ಅವರ ಮಗಳು ಅತ್ತೆಗೆ "ಹಾಯ್ ಆಂಟಿ" ಎಂದು ಕೈ ಬೀಸಿದಳು. ಅತ್ತೆಯೂ ಕೈ ಬೀಸಿದರು.

ಸ್ಮಶಾನದವರು ಮಧ್ಯಾಹ್ನ ಬರಲು ಹೇಳಿದ್ದರು. ಬೆಳಿಗ್ಗೆ ಏನು ಮಾಡುವುದು ಎಂದು ತಿಳಿಯದೆ ಗೈಡು ಹೇಳಿದ್ದನ್ನೇ ಮಾಡಿದೆವು. ಬುಗ್ಗೆಯನ್ನು ನೋಡಿದೆವು. ಹಸಿರು ನೀರು ತಳದಿಂದ ಗುಳ್ಳೆ ಎಬ್ಬಿಸುತ್ತಾ ಹಬೆಯಾಡುತ್ತಿತ್ತು. ನೀರು ಕುಡಿಯುವ ಹಜಾರದಲ್ಲಿ ಬಿಳಿ ಮೇಜುಬಟ್ಟೆ, ಕೇಕು, ಪಿಯಾನೋ. ಅತ್ತೆ ತಮಗೂ ಒಂದು ಲೋಟ ಬೇಕೆಂದರು. ಒಂದು ಗುಟುಕು ಕುಡಿದು ಮುಖ ಸಿಂಡರಿಸಿದರು. "ಬಸರಿದ್ದಾಗ ದಿನಾ ಕುಡೀತಿದ್ದೆ," ಅಂದರು. "ಕಬ್ಬಿಣ ಐತಿ, ಕೂಸಿಗೆ ಚಲೋ ಅಂತ ಕೆಳಗಿನ ಮನಿ ಅಜ್ಜಿ ಹೇಳಿದ್ಲು." ಲೋಟ ಕೆಳಗಿಟ್ಟರು. ಅರ್ಧಚಂದ್ರದ ಮನೆಗಳನ್ನು ನೋಡಲು ಅವರಿಗೆ ಮನಸ್ಸಿರಲಿಲ್ಲ.

ಟ್ಯಾಕ್ಸಿ ನದಿ ದಾಟಿ ಎಡಕ್ಕೆ ತಿರುಗಿ ಗುಡ್ಡ ಏರಿತು. ಹೆರಿಗೆ ಆಸ್ಪತ್ರೆ ಇದ್ದಲ್ಲಿ ಈಗ ಅಪಾರ್ಟ್‌ಮೆಂಟುಗಳು. ಬಾಲ್ಕನಿಯೊಂದರಲ್ಲಿ ಸೈಕಲ್ಲು ತೂಗುಹಾಕಿದ್ದರು.

ಸ್ಮಶಾನದ ಗೇಟಿನಲ್ಲಿ ಅಲ್ಲಿನ ಮೇಲ್ವಿಚಾರಕ ಕಾಯುತ್ತಿದ್ದ. ಐವತ್ತರ ಆಸುಪಾಸಿನ ಮನುಷ್ಯ. ಬೂಟು ಮಣ್ಣಾಗಿತ್ತು, ಆದರೆ ಕೋಟು ಇಸ್ತ್ರಿ ಮಾಡಿದ್ದು. ನಮಗಾಗಿಯೇ ಹಾಕಿಕೊಂಡಿದ್ದ ಹಾಗೆ ಕಂಡಿತು. ಅತ್ತೆಯ ಮುಂದೆ ಬಗ್ಗಿ, ಹೆಸರು ಹೇಳಿ, ಕೈ ಕುಲುಕಿದ. ಕೈಯಲ್ಲಿ ಹಳೆಯ ನಕ್ಷೆಯ ಪ್ರತಿ ಇತ್ತು. ಗೋಡೆಯ ಗುಂಟ ಒಂದು ಹುಲ್ಲಿನ ಪಟ್ಟಿಯ ಹತ್ತಿರ ನಮ್ಮನ್ನು ಕರೆದುಕೊಂಡು ಹೋಗಿ ನಿಂತ. ಕಲ್ಲಿಲ್ಲ, ಗುರುತಿಲ್ಲ. ಬರೀ ಹುಲ್ಲು, ಅಲ್ಲಲ್ಲಿ ಸಣ್ಣ ಬಿಳಿ ಹೂವು.

"ಈ ಮರದಿಂದ ಆ ದಾರಿಯವರೆಗೆ," ಎಂದು ಆತ ಇಂಗ್ಲಿಷಿನಲ್ಲಿ ಹೇಳಿದ. "ಇದಕ್ಕಿಂತ ನಿಖರವಾಗಿ ಹೇಳಲು ನನ್ನಿಂದ ಆಗುವುದಿಲ್ಲ. ಹೇಳಬಹುದಾಗಿದ್ದರೆ ಎಂದು ನನಗೂ ಅನ್ನಿಸುತ್ತದೆ." ಹೇಳಿ ದೂರ ಹೋಗಿ ನಮಗೆ ಬೆನ್ನು ತಿರುಗಿಸಿ ನಿಂತ.

ಅತ್ತೆ ಕುರ್ಚಿಯಿಂದ ಇಳಿಯಬೇಕೆಂದರು. ನಾವಿಬ್ಬರೂ ಹಿಡಿದು ನೆಲದ ಮೇಲೆ ಕೂರಿಸಿದೆವು. ಅಂಗೈಯನ್ನು ಹುಲ್ಲಿನ ಮೇಲೆ ಊರಿದರು. ಹಿಂದಿನ ರಾತ್ರಿಯ ಮಳೆಗೆ ಅದು ಇನ್ನೂ ಒದ್ದೆಯಾಗಿತ್ತು.

"ಬಂದೆನವಾ," ಅಂದರು. "ತಡಾ ಆತು."

ನಾನು ಬೇರೆ ಕಡೆ ನೋಡಿದೆ. ಅವರು ಕೈಚೀಲದಿಂದ ವಿಭೂತಿಯ ಗಟ್ಟಿ ತೆಗೆದು, ಮೂರು ಬೆರಳಿಗೆ ಹಚ್ಚಿಕೊಂಡು, ಹುಲ್ಲಿನ ಬುಡಕ್ಕೆ ಎಳೆದರು. ಮಗನ ಕಡೆ ತಿರುಗಿ ಮಣ್ಣು ಬೇಕು ಎಂದರು. ನನ್ನ ಗಂಡ ಮಂಡಿಯೂರಿ ದಾರಿಯ ಅಂಚಿನ ಸಡಿಲ ಮಣ್ಣನ್ನು ಬೊಗಸೆಯಲ್ಲಿ ತಂದರು.

"ಇಲ್ಲೋ, ಅಲ್ಲೋ?" ಅತ್ತೆ ಕೇಳಿದರು. ಅವರು ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ಹೋದರು, ಕೈ ಎಟುಕಿದಷ್ಟು. ಎಟುಕದಲ್ಲಿಗೆ ಮಗ ಹಾಕಿದರು, ಮರದ ಬುಡದಿಂದ ದಾರಿಯವರೆಗೆ. ಬಗ್ಗಿದವರು ಮೇಲೇಳಲೇ ಇಲ್ಲ. ಐವತ್ತರ ಹತ್ತಿರ ಬಂದ ನನ್ನ ಗಂಡ ಹುಲ್ಲಿನ ಮೇಲೆ ಹಣೆಯಿಟ್ಟು ಅಳುತ್ತಿದ್ದರು.

"ಅವ್ವಾ, ನಾನು ಏನಂತ ಕರೀಬೇಕು?" ಎಂದರು.

"ಅಕ್ಕ ಅನ್ನು. ನಿನಗಿಂತ ದೊಡ್ಡಾಕಿ."

ಹೊರಡುವಾಗ ಅತ್ತೆ ಆ ಮೇಲ್ವಿಚಾರಕನನ್ನು ಹತ್ತಿರ ಕರೆದು, ಇಲ್ಲಿ ಮಳೆಯಾದರೆ ನೀರು ನಿಲ್ಲುತ್ತದೆಯೇ ಎಂದು ಕೇಳಿದರು. ಇಳಿಜಾರು, ನಿಲ್ಲುವುದಿಲ್ಲ ಎಂದ. "ಗುಡ್," ಅಂದರು.

ಅಲ್ಲಿಗೆ ಹೋಗಿಬಂದ ಮೇಲೆ ಅವರ ಮನಸ್ಸು ಹಗುರಾಗುತ್ತದೆ ಎಂದು ನಾನು ಎಣಿಸಿದ್ದೆ. ಒಂದು ಬಗೆಯಲ್ಲಿ ಆಯಿತು. ಮಗಳ ಬಗ್ಗೆ ಮಾತಾಡತೊಡಗಿದರು. ಹೋಬೋಕನ್ ಪಟ್ಟಣದಲ್ಲಿ ಕೆಲಸದಲ್ಲಿರುವ ನಮ್ಮ ಮಗಳು ವಾರಾಂತ್ಯಕ್ಕೆ ಬಂದರೆ ಅವಳ ಜಡೆ ಮುಟ್ಟಿ, ಆಕಿಗೂ ಹಿಂಗ ಕೂದಲು ಇರತಿದ್ವೇನೋ ಎನ್ನುತ್ತಿದ್ದರು. ಆದರೆ ಮಾವನ ಹೆಸರು ಅವರ ಬಾಯಿಂದ ಹೋಗಿಬಿಟ್ಟಿತು. ಆಗಸ್ಟ್‌ನಲ್ಲಿ ಮಾವನ ಪುಣ್ಯತಿಥಿ. ಪ್ರತಿ ವರ್ಷ ನಾವೆಲ್ಲ ಅವರ ಸಮಾಧಿಗೆ ಹೋಗಿ ಹೂವು ಇಟ್ಟು ಬರುತ್ತಿದ್ದೆವು, ಅತ್ತೆಯೇ ಎಲ್ಲರಿಗಿಂತ ಮೊದಲು ಸಿದ್ಧವಾಗಿ ಕೂರುತ್ತಿದ್ದರು. ಆ ವರ್ಷ ಮಂಡಿ ನೋವು ಎಂದರು. ಮಗ ಒತ್ತಾಯ ಮಾಡಿದಾಗ, "ನೀವು ಹೋಗಿ ಬರ್ರಿ," ಎಂದು ಬಾಗಿಲು ಹಾಕಿಕೊಂಡರು. ವಾಪಸು ಬರುವಾಗ ಕಾರಿನಲ್ಲಿ, ಏನಾದರೂ ಆದರೆ ನೀನೇ ಕಾರಣ ಎಂದು ಗಂಡ ಗರಾಜಿನಲ್ಲಿ ಅಂದಿದ್ದು ನನಗೇ ನೆನಪಾಯಿತು. ಮಗಳನ್ನು ಹುಡುಕಿ ಕೊಟ್ಟವಳು ನಾನು, ಹಾಗೆಯೇ ಅವರ ಗಂಡನನ್ನು ಅವರಿಂದ ಕಸಿದುಕೊಂಡವಳೂ ನಾನೇ. ಎರಡನೆಯದನ್ನು ಮಾಡಬೇಕೆಂದು ಮಾಡಿದ್ದಲ್ಲ. ಆದರೂ ಮಾಡಿದೆ.

ಡಿಸೆಂಬರಿನಲ್ಲಿ ಅವರ ಕಾಲು ಬಾತುಕೊಂಡಿತು, ಉಸಿರು ಸಾಲದಾಯಿತು. ಆಸ್ಪತ್ರೆಗೆ ಸೇರಿಸಿದೆವು. ಹೃದಯ ಸೋಲುತ್ತಿದೆ, ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದರು. ಒಂದು ಮಧ್ಯಾಹ್ನ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಕಿತ್ತಳೆ ಸುಲಿದು ಒಂದೊಂದೇ ತೊಳೆ ಕೊಡುತ್ತಿದ್ದೆ. ಕೇಳಬಾರದಿತ್ತೇನೋ. ಕೇಳಿದೆ.

"ಅತ್ತೆ, ಮಾವನ ಮೇಲೆ ಇನ್ನೂ ಸಿಟ್ಟಿದೆಯಾ?"

ತೊಳೆಯನ್ನು ನಿಧಾನವಾಗಿ ಅಗಿದು ನುಂಗಿದರು. "ಸಿಟ್ಟಿಲ್ಲವಾ. ಅವರಿಗೂ ಆಗ ಸಣ್ಣ ವಯಸ್ಸು. ನನ್ನ ಕಾಯಾಕ ಹೋಗಿ ಮಾಡಿದ್ರು, ಅದು ಗೊತ್ತೈತಿ." ಆಕ್ಸಿಜನ್ ನಳಿಕೆಯನ್ನು ಮೂಗಿನ ಹತ್ತಿರ ಸರಿಮಾಡಿಕೊಂಡರು. "ಆದ್ರ ಒಬ್ಬರೇ ಅತ್ತಾರಲ್ಲ ತಂಗಿ. ಅಲ್ಲಿ ನಿಂತು, ಮಳ್ಯಾಗ. ನಾನೂ ಇಲ್ಲಿ ಒಬ್ಬಾಕಿನೇ ಅತ್ತೆ. ಇಬ್ಬರೂ ಕೂಡಿ ಅಳಬಹುದಿತ್ತು. ಅದನ್ನ ನಾ ಹೆಂಗ ಬಿಡಲಿ ಹೇಳು."

ಇನ್ನೊಂದು ತೊಳೆ ಕೊಟ್ಟೆ. ಸಾಕು ಅಂದರು.

ಅದಾದ ಒಂಬತ್ತನೆಯ ದಿನ ಬೆಳಿಗ್ಗೆ ಅವರು ಹೋದರು. ಮಗ ಕೈ ಹಿಡಿದುಕೊಂಡಿದ್ದರು. ನಮ್ಮಲ್ಲಿ ಮಣ್ಣು ಮಾಡುವುದೇ ಪದ್ಧತಿ. ಮಾವನ ಪಕ್ಕದ ಜಾಗವನ್ನು ಅತ್ತೆಯೇ ಹಿಂದೆ ತೆಗೆದಿರಿಸಿದ್ದರು. ಅಲ್ಲಿಯೇ ಇಡುವುದೋ ಬೇಡವೋ ಎಂದು ಗಂಡ ನನ್ನನ್ನು ಕೇಳಿದರು. ಆ ಪತ್ರ ನೋಡಿದ ಮೇಲೆ ಅತ್ತೆ ಬೇಡವೆಂದೂ ಹೇಳಿರಲಿಲ್ಲ, ಬೇಕೆಂದೂ ಹೇಳಿರಲಿಲ್ಲ. ಅಲ್ಲಿಯೇ ಇಟ್ಟೆವು. ನೆಲ ಹೆಪ್ಪುಗಟ್ಟಿ ಗಟ್ಟಿಯಾಗಿತ್ತು, ಹಿಂದಿನ ದಿನವೇ ಯಂತ್ರ ತಂದು ತೋಡಿದ್ದರು. ಸರಿ ಮಾಡಿದೆವೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ.

ವಸಂತದಲ್ಲಿ ಸಮಾಧಿ ಕಲ್ಲು ಕೆತ್ತುವ ಅಂಗಡಿಯಿಂದ ಒಬ್ಬ ಹೆಂಗಸು ಫೋನ್ ಮಾಡಿದಳು. ನಾವು ಅಡುಗೆಮನೆಯಲ್ಲಿದ್ದೆವು, ಗಂಡ ಸ್ಪೀಕರಿಗೆ ಹಾಕಿದರು. ಕೆತ್ತಿದ ಮೇಲೆ ತಿದ್ದಲು ಬರುವುದಿಲ್ಲ, ಅದಕ್ಕೇ ಮೊದಲೇ ಕೇಳುತ್ತಿದ್ದೇನೆ ಎಂದಳು. ನೀವು ತುಂಬಿದ ಫಾರ್ಮಿನಲ್ಲಿ ಒಬ್ಬನೇ ಮಗ ಎಂದಿದೆ. ಕಲ್ಲಿಗೆ ಬರೆದುಕೊಟ್ಟದ್ದರಲ್ಲಿ ಇಬ್ಬರು ಮಕ್ಕಳ ತಾಯಿ ಎಂದಿದೆ. ಇದರಲ್ಲಿ ಯಾವುದು ಸರಿ?

ಕಲ್ಲಿಗೆ ಏನು ಬರೆದುಕೊಟ್ಟರೆಂದು ಗಂಡ ನನಗೆ ಹೇಳಿರಲಿಲ್ಲ.

"ಇಬ್ಬರು," ಅಂದರು ನನ್ನ ಗಂಡ. "ಇಬ್ಬರು ಮಕ್ಕಳು. ದೊಡ್ಡವಳು ಮಗಳು."

ಆಕೆ ಬರೆದುಕೊಳ್ಳುವ ಸದ್ದು ಕೇಳಿಸಿತು. ಕಲ್ಲು ಬರಲು ಆರು ವಾರ ಬೇಕು ಎಂದಳು.